ನಡುವಿನ ಮೆಟ್ಟಿಲು ಕಿತ್ತ ಏಣಿ

2025ರ ಜನವರಿ 23ರಂದು ಬ್ರಿಟನ್ನಿನ ಎರಡನೇ ಅತಿ ದೊಡ್ಡ ಸೂಪರ್‌ಮಾರ್ಕೆಟ್ ಸೇನ್ಸ್‌ಬರಿ ಮೂರು ಸಾವಿರ ಕೆಲಸಗಳಿಗೆ ಕತ್ತರಿ ಹಾಕುವುದಾಗಿ ಹೇಳಿತು. ಅಂಗಡಿಗಳೊಳಗೆ ಅಲ್ಲಿಯವರೆಗೆ ಉಳಿದುಕೊಂಡಿದ್ದ 61 ಕೆಫೆಗಳಿಗೆ ಬಾಗಿಲು ಬೀಳಲಿತ್ತು. ಕೇಕಿನ ಕೌಂಟರು, ಪಿಜ್ಜಾ ಕೌಂಟರು, ಬಿಸಿ ತಿನಿಸಿನ ಕೌಂಟರುಗಳ ಗತಿಯೂ ಅದೇ. ಊರ ಬಾಯಿಗೆ ಸಿಕ್ಕಿದ್ದು ಕೆಫೆ. ಚಹಾ ಹಿಡಿದು ಹೊತ್ತು ಕಳೆಯುತ್ತಿದ್ದ ಜಾಗ ಹೋಗುತ್ತದೆಂದರೆ ಯಾರಿಗಾದರೂ ಬೇಜಾರೇ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲಿತ್ತು: ಹಿರಿಯ ಮ್ಯಾನೇಜರ್ ಹುದ್ದೆಗಳಲ್ಲಿ ಶೇ. 20 ಕಡಿತ. ಅಂದರೆ ಐವರು ಕೂರುತ್ತಿದ್ದ ಕಡೆ ಇನ್ನು ನಾಲ್ವರು.

ಕಾರಣ ಕೇಳಿದರೆ ಕಂಪನಿಯ ಮುಖ್ಯಸ್ಥ ಸೈಮನ್ ರಾಬರ್ಟ್ಸ್ ಏರುತ್ತಿರುವ ಖರ್ಚಿನ ಕಡೆ ಬೆರಳು ತೋರಿಸಿದರು. ಮೂರು ತಿಂಗಳ ಹಿಂದಿನ ಬಜೆಟ್ಟಿನಲ್ಲಿ ಸರ್ಕಾರ ಕೆಲಸ ಕೊಡುವವರ ಮೇಲಿನ ‘ನ್ಯಾಷನಲ್ ಇನ್ಶೂರೆನ್ಸ್’ ವಂತಿಗೆಯನ್ನು ಏರಿಸಿತ್ತು. ನಮ್ಮಲ್ಲಿ ಪಿ.ಎಫ್., ಇ.ಎಸ್.ಐ.ಗೆ ನೌಕರನದೊಂದು ಪಾಲು, ಮಾಲೀಕನದೊಂದು ಪಾಲು ಇರುವ ಹಾಗೆಯೇ ಅಲ್ಲಿಯೂ. ಹೆಸರು ವಿಮೆಯದಾದರೂ ನಡೆಯಲ್ಲಿ ಅದು ತೆರಿಗೆ. ಒಬ್ಬನನ್ನು ಕೆಲಸಕ್ಕೆ ಇಟ್ಟುಕೊಂಡದ್ದಕ್ಕೆ, ಸಂಬಳದ ಮೇಲೆ ಮಾಲೀಕ ಸರ್ಕಾರಕ್ಕೆ ಕಟ್ಟುವ ಹಣ.

ಸುದ್ದಿ ಹೊಸದಾದರೂ ಕಥೆ ಹಳೆಯದು. ಬ್ರಿಟನ್ನಿನ ಅಂಗಡಿಯಲ್ಲಿ ಆಳಿನ ಖರ್ಚು ಏರಿದಾಗಲೆಲ್ಲ ಅಂಗಡಿ ತನ್ನೊಳಗಿನ ಒಂದು ವರ್ಗವನ್ನೇ ಕಳಚಿ ಹಾಕಿದೆ. ಒಮ್ಮೆ ಹೋದವನು ಕೌಂಟರಿನ ಹಿಂದೆ ನಿಂತು ಬೆಣ್ಣೆ ತೂಗುತ್ತಿದ್ದವನು. ಈ ಸಲ ಹೋಗುತ್ತಿರುವವನು ಅವನ ಮೇಲೆ ಕಣ್ಣಿಟ್ಟಿದ್ದ ಮೇಲ್ವಿಚಾರಕ.

ಅಂಗಡಿಯಲ್ಲೇ ಊಟ, ಅಂಗಡಿಯಲ್ಲೇ ನಿದ್ದೆ

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳ ಇಂಗ್ಲೆಂಡಿನಲ್ಲಿ ದೊಡ್ಡ ಬಟ್ಟೆ ಅಂಗಡಿಯೆಂದರೆ ಅರ್ಧ ಅಂಗಡಿ, ಅರ್ಧ ಹಾಸ್ಟೆಲ್. ಕೆಲಸದ ಹುಡುಗರು, ಹುಡುಗಿಯರು ಮಾಲೀಕ ಕೊಟ್ಟ ಸಾಲುಮಂಚದ ಕೋಣೆಯಲ್ಲೇ ಮಲಗಬೇಕು, ಅವನು ಹಾಕಿದ್ದನ್ನೇ ತಿನ್ನಬೇಕು. ಊಟ, ವಸತಿಯ ಲೆಕ್ಕವನ್ನು ಸಂಬಳದಲ್ಲೇ ಮುರಿದುಕೊಳ್ಳುವ ಈ ಪದ್ಧತಿಗೆ ‘ಲಿವಿಂಗ್ ಇನ್’ ಎಂದು ಹೆಸರು. ತಡವಾಗಿ ಬಂದರೆ ದಂಡ, ಮಾತಾಡಿದರೆ ದಂಡ. ಮುಂದೆ ದೊಡ್ಡ ಕಾದಂಬರಿಕಾರನಾದ ಎಚ್.ಜಿ. ವೆಲ್ಸ್ ಹದಿಹರೆಯದಲ್ಲಿ ಸೌತ್‌ಸೀ ಎಂಬ ಕಡಲತೀರದ ಊರಿನ ಬಟ್ಟೆ ಅಂಗಡಿಯಲ್ಲಿ ಇಂಥದೇ ಬಾಳು ಬಾಳಿದ್ದ. ದಿನಕ್ಕೆ ಹದಿಮೂರು ಗಂಟೆ ದುಡಿತ. ಆ ಕಹಿಯೆಲ್ಲ 1905ರ ‘ಕಿಪ್ಸ್’ ಕಾದಂಬರಿಗೆ ಇಳಿಯಿತು.

ಅಂಥದೇ ಇನ್ನೊಂದು ಅಂಗಡಿಗೆ, ಬ್ರೈಟನ್ನಿನಲ್ಲಿ, 14ನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು ಮಾರ್ಗರೆಟ್ ಬಾಂಡ್‌ಫೀಲ್ಡ್. ಅಲ್ಲಿಂದ ಲಂಡನ್ನಿಗೆ ಹೋಗಿ ಅಂಗಡಿ ನೌಕರರ ಸಂಘ ಸೇರಿದಳು. ಒಂದೊಂದೇ ಅಂಗಡಿಯಲ್ಲಿ ಕೆಲಸಕ್ಕಿದ್ದು, ಒಳಗಿನ ಸ್ಥಿತಿಯನ್ನು ಕಣ್ಣಾರೆ ಕಂಡು, ‘ಗ್ರೇಸ್ ಡೇರ್’ ಎಂಬ ಸುಳ್ಳು ಹೆಸರಿನಲ್ಲಿ ಸಂಘದ ಪತ್ರಿಕೆಗೆ ಬರೆದಳು. 1929ರಲ್ಲಿ ಅವಳೇ ಬ್ರಿಟನ್ನಿನ ಸಂಪುಟ ಸೇರಿದ ಮೊದಲ ಮಹಿಳೆಯಾದಳು, ಕಾರ್ಮಿಕ ಸಚಿವೆಯಾಗಿ. ಕಾರ್ಮಿಕರ ಪರವಾಗಿ ಹೋರಾಡಿ ಬಂದ ಅವಳ ಕಾಲವೆಲ್ಲ ಖಾಲಿಯಾಗುತ್ತಿದ್ದ ನಿರುದ್ಯೋಗ ವಿಮಾ ನಿಧಿಗೆ ಹಣ ಹೊಂದಿಸುವುದರಲ್ಲೇ ಕಳೆಯಿತು.

ಆ ಅಂಗಡಿಗಳಲ್ಲಿ ಒಬ್ಬ ವಿಶೇಷ ಮನುಷ್ಯನಿದ್ದ. ಉದ್ದ ಕೋಟು ತೊಟ್ಟು, ಕೈ ಹಿಂದೆ ಕಟ್ಟಿ, ಅಂಗಡಿಯ ಉದ್ದಗಲಕ್ಕೂ ಓಡಾಡುವವನು. ಅವನು ತಾನಾಗಿ ಏನನ್ನೂ ಮಾರುತ್ತಿರಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸುತ್ತಿದ್ದ, ಯಾವ ಹುಡುಗ ಯಾರನ್ನು ನೋಡಿಕೊಳ್ಳಬೇಕೆಂದು ಸನ್ನೆ ಮಾಡುತ್ತಿದ್ದ, ಜಗಳವಾದರೆ ನಡುವೆ ಬರುತ್ತಿದ್ದ. ಅವನಿಗೆ ‘ಶಾಪ್‌ವಾಕರ್’ ಎನ್ನುತ್ತಿದ್ದರು. 1970ರ ದಶಕದ ಬಿ.ಬಿ.ಸಿ. ಹಾಸ್ಯ ಧಾರಾವಾಹಿ ‘ಆರ್ ಯು ಬೀಯಿಂಗ್ ಸರ್ವ್ಡ್?’ನಲ್ಲಿ ಬರುವ ಕ್ಯಾಪ್ಟನ್ ಪೀಕಾಕ್ ಅವನದೇ ಕೊನೆಯ ಪಡಿಯಚ್ಚು. ಇಂದು ಕೆಲಸ ಕಳೆದುಕೊಳ್ಳುತ್ತಿರುವ ಸೂಪರ್‌ಮಾರ್ಕೆಟ್ ಮ್ಯಾನೇಜರ್ ಅವನ ಮೊಮ್ಮಗ ಇದ್ದ ಹಾಗೆ.

ನಾಲ್ಕು ಪೆನ್ನಿಗೆ ಒಂಬತ್ತು ಪೆನ್ನಿ

ಮಾಲೀಕನ ಮೇಲಿನ ವಂತಿಗೆ ಹುಟ್ಟಿದ್ದು 1911ರಲ್ಲಿ. ಹಣಕಾಸು ಸಚಿವ ಡೇವಿಡ್ ಲಾಯ್ಡ್ ಜಾರ್ಜ್ 1908ರಲ್ಲಿ ಜರ್ಮನಿಗೆ ಹೋಗಿ, ಅಲ್ಲಿನ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ ಕಟ್ಟಿದ್ದ ಕಾರ್ಮಿಕ ವಿಮೆಯ ವ್ಯವಸ್ಥೆಯನ್ನು ನೋಡಿ ಬಂದಿದ್ದ. ಕಾಯಿಲೆ ಬಿದ್ದ ಕಾರ್ಮಿಕನಿಗೆ ವೈದ್ಯರು, ಒಂದಿಷ್ಟು ಭತ್ಯೆ. ಕೆಲವು ಉದ್ಯಮಗಳಲ್ಲಿ ಕೆಲಸ ಹೋದವನಿಗೆ ಸ್ವಲ್ಪ ಹಣ. ಇದಕ್ಕೆ ಗಂಡಸು ವಾರಕ್ಕೆ 4 ಪೆನ್ನಿ ಹಾಕಬೇಕು, ಮಾಲೀಕ 3 ಪೆನ್ನಿ, ಸರ್ಕಾರ 2 ಪೆನ್ನಿ. ನಾಲ್ಕು ಕೊಟ್ಟರೆ ಒಂಬತ್ತು ಬರುತ್ತದೆ ಎಂಬುದೇ ಅವನ ಪ್ರಚಾರದ ಮಾತಾಯಿತು.

ವಸೂಲಿ ಮಾಡುವ ಬಗೆ ಸರಳ. ಪ್ರತಿ ಕೆಲಸಗಾರನಿಗೂ ಒಂದು ಕಾರ್ಡು. ಮಾಲೀಕ ಅಂಚೆ ಕಚೇರಿಯಿಂದ ಸ್ಟಾಂಪು ಕೊಂಡು ವಾರವಾರವೂ ಅದಕ್ಕೆ ಅಂಟಿಸಬೇಕು. ಶ್ರೀಮಂತರ ಮನೆಯ ಗೃಹಿಣಿಯರಿಗೆ ಇದು ಸಹಿಸಲಾಗದ ಅವಮಾನವೆನಿಸಿತು. ಮನೆಗೆಲಸದವಳ ಸಲುವಾಗಿ ತಾವು ಸರ್ಕಾರದ ಸ್ಟಾಂಪು ನೆಕ್ಕಬೇಕೇ? 1911ರ ನವೆಂಬರಿನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಯಜಮಾನಿಯರೂ ಕೆಲಸದವರೂ ಒಟ್ಟಿಗೆ ಸೇರಿ ಪ್ರತಿಭಟನೆ ಮಾಡಿದರು. ಆದರೂ 1912ರ ಜುಲೈಯಿಂದ ಸ್ಟಾಂಪು ಜಾರಿಗೆ ಬಂತು.

ಆ ಚಿಕ್ಕ ಚೀಟಿ ಮುಂದೆ ಅರವತ್ತು ವರ್ಷ ಬಾಳಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ರಧಾನಿ ಆಟ್ಲಿಯ ಲೇಬರ್ ಸರ್ಕಾರ 1948ರ ಜುಲೈ 5ರಿಂದ ಈ ವಿಮೆಯನ್ನು ದುಡಿಯುವ ಎಲ್ಲರಿಗೂ ಹಬ್ಬಿಸಿತು. ಅದೇ ದಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಶುರುವಾಯಿತು. ಸ್ಟಾಂಪು ಎಂದರೆ ಆಸ್ಪತ್ರೆ, ಸ್ಟಾಂಪು ಎಂದರೆ ಪಿಂಚಣಿ ಎಂಬ ನಂಬಿಕೆ ಜನರ ಮನಸ್ಸಿನಲ್ಲಿ ಬೇರೂರಿದ್ದು ಆಗಲೇ. ಇಂದಿಗೂ ಅಲ್ಲಿನ ಯಾವ ಹಣಕಾಸು ಸಚಿವರಿಗೆ ದುಡ್ಡು ಬೇಕಾದರೂ ಮೊದಲು ಕೈ ಹೋಗುವುದು ಈ ಡಬ್ಬಿಗೇ. ಆಸ್ಪತ್ರೆಗೆ ಎಂದರೆ ಜನ ಬೇಡವೆನ್ನುವುದು ಕಷ್ಟ.

ಕ್ರಾಯ್ಡನ್ನಿನ ಬುಟ್ಟಿ

ಹಳೆಯ ಸೇನ್ಸ್‌ಬರಿ ಅಂಗಡಿಯೊಳಗೆ ಒಮ್ಮೆ ಹೋಗಿ ನಿಲ್ಲೋಣ. ಉದ್ದಕ್ಕೆ ಅಮೃತಶಿಲೆಯ ಕೌಂಟರುಗಳು, ಗೋಡೆಗೆ ಹೊಳೆಯುವ ಟೈಲ್ಸು. ಬೆಣ್ಣೆಗೊಂದು ಕೌಂಟರು, ಬೇಕನ್ನಿಗೊಂದು, ಬೇಯಿಸಿದ ಮಾಂಸಕ್ಕೊಂದು. ಬಿಳಿ ಏಪ್ರನ್ನಿನ ಹುಡುಗ ದೊಡ್ಡ ಗುಡ್ಡೆಯಿಂದ ಬೆಣ್ಣೆಯನ್ನು ಎರಡು ಮರದ ಹಲಗೆಗಳಲ್ಲಿ ಕತ್ತರಿಸಿ, ತಟ್ಟಿ, ತಕ್ಕಡಿಗಿಟ್ಟು, ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಬೇಕನ್ನೂ ಬೇಕಾದರೆ ಗಿರಾಕಿ ಪಕ್ಕದ ಕೌಂಟರಿಗೆ ಹೋಗಿ ಇನ್ನೊಂದು ಸಾಲಿನ ಕೊನೆಗೆ ನಿಲ್ಲಬೇಕು. ಒಂದು ಮನೆಯ ವಾರದ ಸಾಮಾನು ಕಟ್ಟಿಕೊಡಲು ಎಷ್ಟು ಕೈಗಳು ಬೇಕಾಗುತ್ತಿದ್ದವು ಎಂದು ಇದರಲ್ಲೇ ಗೊತ್ತಾಗುತ್ತದೆ.

1950ರಲ್ಲಿ ಸೇನ್ಸ್‌ಬರಿ ಲಂಡನ್ನಿನ ದಕ್ಷಿಣದ ಕ್ರಾಯ್ಡನ್ನಿನಲ್ಲಿ ತನ್ನ ಮೊದಲ ‘ಸೆಲ್ಫ್ ಸರ್ವಿಸ್’ ಅಂಗಡಿ ತೆರೆಯಿತು. ಬುಟ್ಟಿ ಹಿಡಿದು, ಬೇಕಾದ್ದನ್ನು ತಾವೇ ಎತ್ತಿಕೊಂಡು, ಕೊನೆಯಲ್ಲಿ ಗಲ್ಲಾ ಹತ್ತಿರ ದುಡ್ಡು ಕೊಡಬೇಕು. ಎಲ್ಲರಿಗೂ ಇದು ಹಿಡಿಸಲಿಲ್ಲ. ಕೈಗೆ ಬುಟ್ಟಿ ಕೊಟ್ಟದ್ದಕ್ಕೆ ಸಿಟ್ಟಾದ ಗಿರಾಕಿಯೊಬ್ಬರು ಅದನ್ನು ಬಾಗಿಲಲ್ಲಿ ನಿಂತಿದ್ದ ಮಾಲೀಕ ಆಲನ್ ಸೇನ್ಸ್‌ಬರಿಯ ಮೇಲೇ ಎಸೆದರೆಂಬ ಕಥೆ ಆ ಮನೆತನದಲ್ಲಿ ಚಾಲ್ತಿಯಲ್ಲಿತ್ತು. ಹಾಗೆಂದು ಕೌಂಟರು ಒಮ್ಮೆಗೇ ಮಾಯವಾಗಲಿಲ್ಲ. ಸೇನ್ಸ್‌ಬರಿಯ ಕೊನೆಯ ಕೌಂಟರ್ ಅಂಗಡಿ ಪೆಕ್‌ಹ್ಯಾಮಿನಲ್ಲಿ 1982ರವರೆಗೂ ನಡೆಯಿತು.

ಕೌಂಟರಿಗೆ ಇನ್ನೊಂದು ಗುಣವಿತ್ತು. ಅದು ಏಣಿಯ ಮೊದಲ ಮೆಟ್ಟಿಲು. ತಕ್ಕಡಿ ಹಿಡಿದ ಹುಡುಗ ನಾಳೆ ವಿಭಾಗದ ಮುಖ್ಯಸ್ಥ, ನಾಡಿದ್ದು ಉಪ ಮ್ಯಾನೇಜರ್, ಒಂದು ದಿನ ಅಂಗಡಿಯ ಮ್ಯಾನೇಜರ್. ಸೂಪರ್‌ಮಾರ್ಕೆಟ್ ಬಂದ ಮೇಲೂ ಈ ಏಣಿ ಮುರಿಯಲಿಲ್ಲ. ಲಿವರ್‌ಪೂಲಿನ ಬಡ ಕುಟುಂಬದಿಂದ ಬಂದ ಟೆರಿ ಲೀಹಿ ವಿದ್ಯಾರ್ಥಿಯಾಗಿದ್ದಾಗ ರಜೆಯಲ್ಲಿ ಟೆಸ್ಕೋ ಅಂಗಡಿಯ ಕಪಾಟುಗಳಿಗೆ ಸಾಮಾನು ಜೋಡಿಸಿದವರು; 1997ರಿಂದ 2011ರವರೆಗೆ ಅವರೇ ಟೆಸ್ಕೋದ ಮುಖ್ಯಸ್ಥರು. ಅವರ ನಂತರ ಬಂದ ಫಿಲಿಪ್ ಕ್ಲಾರ್ಕ್ ಟೆಸ್ಕೋ ಅಂಗಡಿ ಮ್ಯಾನೇಜರೊಬ್ಬರ ಮಗ. 1974ರಲ್ಲಿ ಶಾಲೆಗೆ ಹೋಗುತ್ತಲೇ ಅಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದ್ದರು. ಪದವಿ ಇಲ್ಲದವನಿಗೂ ಮೇಲೇರುವ ದಾರಿ ಇದ್ದ ಕೆಲವೇ ಉದ್ಯೋಗಗಳಲ್ಲಿ ಅಂಗಡಿ ಒಂದಾಗಿತ್ತು.

ಕಾಲ್ಡೋರ್ ಸಾಹೇಬರ ತೆರಿಗೆ

ಕೌಂಟರಿಗೆ ದೊಡ್ಡ ಪೆಟ್ಟು ಬಿದ್ದದ್ದು 1966ರ ಮೇ 3ರಂದು. ಲೇಬರ್ ಹಣಕಾಸು ಸಚಿವ ಜೇಮ್ಸ್ ಕ್ಯಾಲಹನ್ ಬಜೆಟ್ಟಿನಲ್ಲಿ ಯಾರೂ ಕೇಳಿರದ ಹೊಸ ತೆರಿಗೆಯೊಂದನ್ನು ತಂದರು: ಸೆಲೆಕ್ಟಿವ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್. ಕೆಲಸಕ್ಕಿರುವ ಪ್ರತಿ ವಯಸ್ಕ ಗಂಡಸಿಗೆ ಮಾಲೀಕ ವಾರಕ್ಕೆ 25 ಶಿಲ್ಲಿಂಗ್ ಕಟ್ಟಬೇಕು, ಹೆಂಗಸಿಗೆ ಅದರ ಅರ್ಧ. ಕಾರ್ಖಾನೆಯವರಾದರೆ ಕಟ್ಟಿದ ಹಣ ವಾಪಸು ಬರುತ್ತದೆ, ಮೇಲೆ ಒಂದಿಷ್ಟು ಪ್ರೋತ್ಸಾಹವೂ ಸಿಗುತ್ತದೆ. ಅಂಗಡಿ, ಹೋಟೆಲು, ಕ್ಷೌರದಂಗಡಿಯವರಿಗೆ ಮಾತ್ರ ಹೋದದ್ದು ಹೋಯಿತು. ವಸೂಲಿಗೆ ಹೊಸ ಇಲಾಖೆಯೇನೂ ಬೇಕಾಗಲಿಲ್ಲ. ಹಳೆಯ ಸ್ಟಾಂಪಿನ ಬೆಲೆಗೇ ಇದನ್ನು ಸೇರಿಸಿದರಾಯಿತು.

ಇದರ ಹಿಂದಿದ್ದ ತಲೆ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಅವರದು. ಹಂಗೇರಿಯಲ್ಲಿ ಹುಟ್ಟಿದ ಈ ಸಾಹೇಬರು ನಮಗೂ ಅಪರಿಚಿತರಲ್ಲ. 1956ರಲ್ಲಿ ಭಾರತದ ತೆರಿಗೆ ಸುಧಾರಣೆಯ ವರದಿ ಬರೆದುಕೊಟ್ಟವರು ಅವರೇ. ಮರುವರ್ಷ ಟಿ.ಟಿ. ಕೃಷ್ಣಮಾಚಾರಿ ತಂದ ಸಂಪತ್ತು ತೆರಿಗೆ, ವೆಚ್ಚ ತೆರಿಗೆಗಳ ಮೂಲ ಆ ವರದಿಯಲ್ಲಿದೆ. ಕಾರ್ಖಾನೆ ಬೆಳೆದಷ್ಟೂ ಅಲ್ಲಿನ ಒಬ್ಬೊಬ್ಬ ಕಾರ್ಮಿಕನ ಉತ್ಪಾದನೆ ಹೆಚ್ಚುತ್ತದೆ. ಅಂಗಡಿ, ಹೋಟೆಲುಗಳು ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಹಿಡಿದಿಟ್ಟುಕೊಂಡಿವೆ. ಆದ್ದರಿಂದ ಅಲ್ಲಿಂದ ಜನರನ್ನು ಬಿಡಿಸಿ ಕಾರ್ಖಾನೆಗೆ ಕಳಿಸಬೇಕು ಎಂಬುದು ಅವರ ವಾದ. ಅಂದರೆ ಅಂಗಡಿಯಿಂದ ಆಳು ಬಿಡಿಸುವುದು ಆ ತೆರಿಗೆಯ ಅಡ್ಡಪರಿಣಾಮವಾಗಿರಲಿಲ್ಲ, ಗುರಿಯೇ ಆಗಿತ್ತು. ಇಂದಿನ ಯಾವ ಸಚಿವರೂ ಬಾಯಿಬಿಟ್ಟು ಹೇಳಲಾಗದ ಮಾತನ್ನು ಕಾಲ್ಡೋರ್ ಸಿದ್ಧಾಂತವಾಗಿ ಮುಂದಿಟ್ಟರು.

ಅಂಗಡಿಯವರು, ಸಹಕಾರಿ ಸಂಘದವರು ಬೊಬ್ಬೆ ಹಾಕಿದರು. ತೆರಿಗೆ ಇಳಿಯಲಿಲ್ಲ, 1968ರಲ್ಲಿ ಏರಿತು, 1969ರಲ್ಲಿ ಮತ್ತೆ ಏರಿ ಗಂಡಾಳಿಗೆ 48 ಶಿಲ್ಲಿಂಗಿಗೆ ಮುಟ್ಟಿತು. ಇದರ ಫಲವೇನೆಂದು ನೋಡಲು ಕೇಂಬ್ರಿಜ್ಜಿನ ಇನ್ನೊಬ್ಬ ಪ್ರಾಧ್ಯಾಪಕ ಡಬ್ಲ್ಯು.ಬಿ. ರೆಡವೇ ಅವರನ್ನು ನೇಮಿಸಿದರು. 1970ರಲ್ಲಿ ಬಂದ ಅವರ ವರದಿ ಅನೇಕರ ಹುಬ್ಬೇರಿಸಿತು. ಅಂಗಡಿಗಳಲ್ಲಿ ತಲಾ ದುಡಿಮೆಯ ಫಲ ನಿರೀಕ್ಷೆ ಮೀರಿ ಏರಿತ್ತು. ಕಡಿಮೆ ಜನ ಹೆಚ್ಚು ಮಾಲು ಮಾರುತ್ತಿದ್ದರು. ಸೆಲ್ಫ್ ಸರ್ವಿಸ್‌ಗೆ ತಿರುಗಲು ಹಿಂದೆಮುಂದೆ ನೋಡುತ್ತಿದ್ದ ಅಂಗಡಿಗಳಿಗೆ ತೆರಿಗೆ ಚಾಟಿಯಾಗಿತ್ತು. ಶ್ರೇಯಸ್ಸೆಲ್ಲ ತೆರಿಗೆಯದಲ್ಲ ಎಂದವರೂ ಇದ್ದರು. ತಯಾರಕರು ಗೊತ್ತುಮಾಡಿದ ಬೆಲೆಗೇ ಮಾರಬೇಕೆಂಬ ಕಟ್ಟಳೆಯನ್ನು 1964ರಲ್ಲಿ ಆಗಿನ ಸಚಿವ ಎಡ್ವರ್ಡ್ ಹೀತ್ ಕಾಯಿದೆ ತಂದು ಸಡಿಲಿಸಿದ್ದರು. ಬೆಲೆಯ ಪೈಪೋಟಿಯೂ ಅಂಗಡಿಗಳನ್ನು ಅದೇ ದಾರಿಗೆ ತಳ್ಳುತ್ತಿತ್ತು. 1973ರ ಏಪ್ರಿಲ್ 1ರಂದು ವ್ಯಾಟ್ ಬಂತು, ಕಾಲ್ಡೋರ್ ತೆರಿಗೆ ಹೋಯಿತು. ಬೆಣ್ಣೆ ತೂಗುವ ಹುಡುಗ ಮಾತ್ರ ಮರಳಿ ಬರಲಿಲ್ಲ.

ಸ್ಟಾಂಪಿನಿಂದ ಶೇಕಡಾಕ್ಕೆ

1975ರ ಏಪ್ರಿಲ್‌ನಲ್ಲಿ ನೌಕರರ ಕಾರ್ಡು, ಸ್ಟಾಂಪುಗಳ ಕಾಲ ಮುಗಿದು, ವಂತಿಗೆ ಸಂಬಳದ ಶೇಕಡಾ ಲೆಕ್ಕಕ್ಕೆ ಬಂತು. ಅಲ್ಲಿಂದಾಚೆಗೆ ಅದನ್ನು ಏರಿಸುವುದು ಸಲೀಸು. ಸ್ಟಾಂಪು ಕೈಗೆ ಅಂಟುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಶೇಕಡಾವಾರು ಲೆಕ್ಕ ಸಂಬಳದ ಗುಮಾಸ್ತನ ಪುಸ್ತಕದಲ್ಲೇ ಉಳಿಯುತ್ತದೆ. ಹಣಕಾಸು ಸಚಿವ ಡೆನಿಸ್ ಹೀಲಿ 1977ರಲ್ಲಿ ಮಾಲೀಕರ ಮೇಲೆ ಶೇ. 2ರ ಸರ್ಚಾರ್ಜ್ ಹಾಕಿದರು. ಮುಂದೆ ಅದೇ ಹುದ್ದೆಗೆ ಬಂದ ನೈಜೆಲ್ ಲಾಸನ್ 1984ರಲ್ಲಿ ಸರ್ಚಾರ್ಜನ್ನು ತೆಗೆದರು. ಆಸ್ಪತ್ರೆಗಳಿಗೆ ಹಣ ಬೇಕೆಂದು ಇನ್ನೊಬ್ಬ ಹಣಕಾಸು ಸಚಿವ ಗಾರ್ಡನ್ ಬ್ರೌನ್ 2003ರಿಂದ ದರವನ್ನು ಶೇ. 12.8ಕ್ಕೆ ಒಯ್ದರು. 2011ರಲ್ಲಿ ಅದು 13.8 ಆಯಿತು. 2022ರ ಏಪ್ರಿಲ್‌ನಲ್ಲಿ 15.05ಕ್ಕೆ ಜಿಗಿದು, ಅದೇ ನವೆಂಬರಿನಲ್ಲಿ ಹಿಂದಕ್ಕೆ ಬಂತು.

ಪಕ್ಕದಲ್ಲೇ ಇನ್ನೊಂದು ಖರ್ಚು ಏರುತ್ತಿತ್ತು. 1999ರ ಏಪ್ರಿಲ್‌ನಲ್ಲಿ ಟೋನಿ ಬ್ಲೇರ್ ಸರ್ಕಾರ ರಾಷ್ಟ್ರೀಯ ಕನಿಷ್ಠ ಕೂಲಿ ತಂದಾಗ ಅದು ಗಂಟೆಗೆ 3.60 ಪೌಂಡ್. 2016ರಲ್ಲಿ 7.20. 2024ರಲ್ಲಿ 11.44. ಕನಿಷ್ಠ ಕೂಲಿ ತಂದರೆ ಲಕ್ಷಗಟ್ಟಲೆ ಕೆಲಸ ಹೋಗುತ್ತದೆಂಬ ಹೆದರಿಕೆ 1999ರಲ್ಲಿ ನಿಜವಾಗಲಿಲ್ಲ, ಅದು ದಾಖಲಾಗಬೇಕಾದ ಮಾತು. ಆದರೆ ಕೆಳಗಿನವನ ಕೂಲಿ ಏರುತ್ತ ಹೋದಂತೆ, ಅವನಿಗೂ ಅವನ ಮೇಲಿನ ಮೇಲ್ವಿಚಾರಕನಿಗೂ ಇದ್ದ ಅಂತರ ಕಿರಿದಾಯಿತು. ಒಂದು ಕಡೆ ಮೇಲ್ವಿಚಾರಕನಾಗಲು ಯಾರಿಗೂ ಹುರುಪಿಲ್ಲ. ಇನ್ನೊಂದು ಕಡೆ ಖರ್ಚು ಉಳಿಸಬೇಕೆಂದು ಕೂತ ಕಂಪನಿಗೆ ಮೊದಲು ಕಣ್ಣಿಗೆ ಬೀಳುವವನು ಅವನೇ. ಕಪಾಟಿಗೆ ಸಾಮಾನು ಜೋಡಿಸುವವನನ್ನು ತೆಗೆದರೆ ಕಪಾಟು ಖಾಲಿ. ಮೇಲ್ವಿಚಾರಕನನ್ನು ತೆಗೆದರೆ ಆ ದಿನ ಏನೂ ಆಗುವುದಿಲ್ಲ.

ಮ್ಯಾನೇಜರುಗಳ ಸರದಿ

ಆ ಸರದಿ ಬಂದದ್ದು 2018ರ ಜನವರಿಯಲ್ಲಿ. ಟೆಸ್ಕೋ ತನ್ನ ಅಂಗಡಿಗಳಲ್ಲಿ ಸಿಬ್ಬಂದಿ ನೋಡಿಕೊಳ್ಳುವ ಮ್ಯಾನೇಜರ್, ನಿಯಮಪಾಲನೆ ನೋಡಿಕೊಳ್ಳುವ ಮ್ಯಾನೇಜರ್ ಮುಂತಾದ ಹುದ್ದೆಗಳನ್ನು ತೆಗೆಯುವುದಾಗಿ ಹೇಳಿತು. 1,700 ಜನರ ಕೆಲಸಕ್ಕೆ ಕುತ್ತು. ಅದೇ ತಿಂಗಳು ಸೇನ್ಸ್‌ಬರಿಯೂ ಅಂಗಡಿ ಮಟ್ಟದ ಮೇಲ್ವಿಚಾರಣೆಯನ್ನು ಹೊಸದಾಗಿ ಹೊಂದಿಸಲು ಹೊರಟಿತು. 2020ರ ಜನವರಿಯಲ್ಲಿ ಇನ್ನೊಂದು ಸೂಪರ್‌ಮಾರ್ಕೆಟ್ ಮಾರಿಸನ್ಸ್ 3,000 ಮ್ಯಾನೇಜರ್ ಹುದ್ದೆಗಳನ್ನು ಕಡಿದು, ಬದಲಿಗೆ 7,000 ಗಂಟೆಕೂಲಿಯ ಕೆಲಸಗಳನ್ನು ಸೃಷ್ಟಿಸುವುದಾಗಿ ಹೇಳಿತು. ಗಿರಾಕಿಯ ಎದುರು ನಿಲ್ಲುವ ಕಟುಕರು, ಬೇಕರಿಯವರು, ಮೀನು ಮಾರುವವರು ಬೇಕು, ಹಿಂದೆ ನಿಂತು ನೋಡುವವರು ಬೇಡ ಎಂಬುದು ತರ್ಕ. ಅದೇ ಜುಲೈಯಲ್ಲಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಅಂಗಡಿ ಮ್ಯಾನೇಜರು ಮತ್ತು ಮುಖ್ಯ ಕಚೇರಿಯ 950 ಹುದ್ದೆಗಳ ಮೇಲೆ ಕೈಯಿಟ್ಟಿತು.

2023ರ ಜನವರಿಯಲ್ಲಿ ಮತ್ತೆ ಟೆಸ್ಕೋ. ದೊಡ್ಡ ಅಂಗಡಿಗಳ ‘ಲೀಡ್ ಮ್ಯಾನೇಜರ್’, ‘ಟೀಮ್ ಮ್ಯಾನೇಜರ್’ ಹುದ್ದೆಗಳನ್ನು ಇಳಿಸಿ, ಅವುಗಳ ಜಾಗಕ್ಕೆ ಸುಮಾರು 1,800 ‘ಶಿಫ್ಟ್ ಲೀಡರ್’ಗಳನ್ನು ತಂದಿತು. ಹೊಣೆ ಹೆಚ್ಚುಕಡಿಮೆ ಅದೇ, ಸ್ಥಾನ ಒಂದು ಮೆಟ್ಟಿಲು ಕೆಳಗೆ.

ಈ ತಾರೀಖುಗಳನ್ನು ನೆನಪಿನಲ್ಲಿಡಬೇಕು. ಇವೆಲ್ಲವೂ ನಡೆದದ್ದು 2024ರ ಬಜೆಟ್ಟಿಗೆ ಮುಂಚೆ. ಯಂತ್ರದ ಗಲ್ಲಾ ಬಂದಿತ್ತು. ಯಾರು ಯಾವ ಪಾಳಿಗೆ ಬರಬೇಕು, ಯಾವ ಕಪಾಟಿಗೆ ಯಾವಾಗ ಸಾಮಾನು ಬೇಕು ಎಂದು ಕಂಪ್ಯೂಟರ್ ಹೇಳಲು ಶುರುಮಾಡಿತ್ತು. ಈ ಲೆಕ್ಕದಲ್ಲಿ ನಮ್ಮೂರಿನ ಕೈಯೂ ಇದೆ. ಟೆಸ್ಕೋ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ತೆರೆದ ಸೇವಾ ಕೇಂದ್ರದಲ್ಲಿ ಆ ಕಂಪನಿಯ ತಂತ್ರಾಂಶ, ಹಣಕಾಸಿನ ಕೆಲಸ ನಡೆಯುತ್ತ ಬಂದಿದೆ. ಇಂಗ್ಲೆಂಡಿನ ಯಾವುದೋ ಊರಿನ ಅಂಗಡಿಯ ನೆಲ ಬಿಟ್ಟ ಕೆಲಸದ ಒಂದು ಚೂರು ಇಲ್ಲಿನ ಮೇಜಿಗೆ ಬಂದಿರಬಹುದು.

ಅಕ್ಟೋಬರ್ 30ರ ಲೆಕ್ಕ

2024ರ ಅಕ್ಟೋಬರ್ 30. ಹದಿನಾಲ್ಕು ವರ್ಷದ ಬಳಿಕ ಲೇಬರ್ ಪಕ್ಷದ ಮೊದಲ ಬಜೆಟ್; ಓದಿದವರು ಹಣಕಾಸು ಸಚಿವರ ಹುದ್ದೆಗೇರಿದ ಮೊದಲ ಮಹಿಳೆ ರೇಚಲ್ ರೀವ್ಸ್. ದುಡಿಯುವ ಜನರ ಮೇಲಿನ ತೆರಿಗೆ ಏರಿಸುವುದಿಲ್ಲ ಎಂದು ಚುನಾವಣೆಯಲ್ಲಿ ಮಾತು ಕೊಟ್ಟಾಗಿತ್ತು. ಆಸ್ಪತ್ರೆಯ ಚಿಕಿತ್ಸೆಗೆ ಕಾದಿದ್ದ ಪ್ರಕರಣಗಳ ಪಟ್ಟಿ ಇಂಗ್ಲೆಂಡಿನಲ್ಲೇ 75 ಲಕ್ಷದ ಆಸುಪಾಸಿನಲ್ಲಿತ್ತು. ಹಣ ಬೇಕು, ನೌಕರನ ಪಾಲು ಮುಟ್ಟುವಂತಿಲ್ಲ. ಉಳಿದದ್ದು ಮಾಲೀಕನ ಪಾಲು. ಮಾಲೀಕರ ದರ 13.8ರಿಂದ 15ಕ್ಕೆ ಏರಿತು. ಅದಕ್ಕಿಂತ ಜೋರಾಗಿ ಕಚ್ಚಿದ್ದು ಇನ್ನೊಂದು ಬದಲಾವಣೆ: ಅಲ್ಲಿಯವರೆಗೆ ನೌಕರನ ವರ್ಷದ ಸಂಬಳ 9,100 ಪೌಂಡ್ ದಾಟಿದ ಮೇಲೆ ಮಾತ್ರ ಮಾಲೀಕ ಕಟ್ಟಬೇಕಿತ್ತು, ಆ ಗೆರೆಯನ್ನು 5,000ಕ್ಕೆ ಇಳಿಸಿದರು. ಕನಿಷ್ಠ ಕೂಲಿಯೂ 12.21 ಪೌಂಡಿಗೆ ಏರಿತು. ಎಲ್ಲವೂ 2025ರ ಏಪ್ರಿಲ್‌ನಿಂದ.

ಅಂಗಡಿಗೆ ಇದು ಹೇಗೆ ತಾಗಿತೆಂದು ಒಬ್ಬ ಕೆಲಸಗಾರನ ಲೆಕ್ಕದಲ್ಲೇ ನೋಡೋಣ. 21 ವರ್ಷ ದಾಟಿದವನು, ಕನಿಷ್ಠ ಕೂಲಿ, ವಾರಕ್ಕೆ 20 ಗಂಟೆ. ಓದಲು ಹೋದ ನಮ್ಮ ಹುಡುಗರಿಗೆ ತರಗತಿ ನಡೆಯುವ ದಿನಗಳಲ್ಲಿ ವೀಸಾ ಬಿಡುವ ಮಿತಿಯೂ ಇಷ್ಟೇ. ಹಳೆಯ ದರದಲ್ಲಿ ಅವನ ವರ್ಷದ ಸಂಬಳ ಸುಮಾರು 11,898 ಪೌಂಡ್, ಅದರ ಮೇಲೆ ಮಾಲೀಕ ಕಟ್ಟುತ್ತಿದ್ದ ವಂತಿಗೆ 386. ಹೊಸ ದರದಲ್ಲಿ ಸಂಬಳ 12,698, ವಂತಿಗೆ 1,155. ಹುಡುಗನ ಕೈಗೆ ತೆರಿಗೆಗೆ ಮುಂಚೆ 800 ಪೌಂಡ್ ಹೆಚ್ಚು ಬಂತು. ಮಾಲೀಕನ ಕೈಯಿಂದ 1,569 ಹೆಚ್ಚು ಹೋಯಿತು. ವಂತಿಗೆ ಮೂರು ಪಟ್ಟಾಯಿತು. ದೊಡ್ಡ ಸಂಬಳದವರನ್ನು ಇಟ್ಟುಕೊಂಡ ಬ್ಯಾಂಕಿಗಿಂತ, ಸಣ್ಣ ಸಂಬಳದ ಅರೆಕಾಲಿಕರನ್ನೇ ನೆಚ್ಚಿಕೊಂಡ ಅಂಗಡಿಗೆ ಸಂಬಳದ ಲೆಕ್ಕದಲ್ಲಿ ಪೆಟ್ಟು ಹೆಚ್ಚಾಗಿ ಬಿದ್ದದ್ದು ಹೀಗೆ. ಬೀದಿ ಮೂಲೆಯ ಪುಟ್ಟ ಅಂಗಡಿಗಳಿಗೆ ಒಂದು ರಿಯಾಯಿತಿ ಆಸರೆಯಾಯಿತು. ವರ್ಷಕ್ಕೆ 10,500 ಪೌಂಡಿನವರೆಗಿನ ವಂತಿಗೆಯನ್ನು ಸರ್ಕಾರ ಬಿಟ್ಟುಕೊಟ್ಟಿತು.

ದೊಡ್ಡವರು ಸುಮ್ಮನಿರಲಿಲ್ಲ. ಟೆಸ್ಕೋಗೆ ವರ್ಷಕ್ಕೆ 25 ಕೋಟಿ ಪೌಂಡ್, ಸೇನ್ಸ್‌ಬರಿಗೆ 14 ಕೋಟಿ ಹೊರೆ ಎಂದು ಲೆಕ್ಕ ಬಂತು. ನವೆಂಬರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬ್ರಿಟಿಷ್ ರೀಟೇಲ್ ಕನ್ಸಾರ್ಟಿಯಂ ಮೂಲಕ ರೀವ್ಸ್ ಅವರಿಗೆ ಪತ್ರ ಬರೆದವು. ಎಲ್ಲ ಸೇರಿ ವರ್ಷಕ್ಕೆ 700 ಕೋಟಿ ಪೌಂಡಿನವರೆಗೆ ಖರ್ಚು, ಕೆಲಸ ಹೋಗುವುದು ಖಂಡಿತ ಎಂಬುದು ಪತ್ರದ ಸಾರ.

ಹೇಳಿದಂತೆ ನಡೆಯಿತು. ಜನವರಿಯಲ್ಲಿ ಸೇನ್ಸ್‌ಬರಿಯ 3,000. ಅದರ ಹಿಂದೆಯೇ ಟೆಸ್ಕೋದ ಅಂಗಡಿ, ಕಚೇರಿಗಳಲ್ಲಿ 400. ಮಾರ್ಚ್‌ನಲ್ಲಿ ಮಾರಿಸನ್ಸ್ 52 ಕೆಫೆಗಳನ್ನು, 35 ಮಾಂಸದ ಕೌಂಟರುಗಳನ್ನು, 35 ಮೀನಿನ ಕೌಂಟರುಗಳನ್ನು ಮುಚ್ಚುವುದಾಗಿ ಹೇಳಿತು. ಐದು ವರ್ಷದ ಕೆಳಗೆ ಮ್ಯಾನೇಜರುಗಳನ್ನು ತೆಗೆದು ಕಟುಕರನ್ನೂ ಮೀನಿನವರನ್ನೂ ತಂದ ಅದೇ ಮಾರಿಸನ್ಸ್.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಪ್ಪು ಯಾರದು? ತೆರಿಗೆಯದು ಎಂದು ಕಂಪನಿಗಳು ಹೇಳಿದವು. ಅದು ಅರ್ಧ ಸತ್ಯ. ಮೂರು ವರ್ಷದಲ್ಲಿ 100 ಕೋಟಿ ಪೌಂಡ್ ಖರ್ಚು ಉಳಿಸುವ ಯೋಜನೆಯನ್ನು ಸೇನ್ಸ್‌ಬರಿ ಸಾರಿದ್ದು 2024ರ ಫೆಬ್ರವರಿಯಲ್ಲಿ, ಬಜೆಟ್ಟಿಗೆ ಎಂಟು ತಿಂಗಳು ಮುಂಚೆ. ಮೂರು ಸಾವಿರ ಕೆಲಸ ಕಡಿದ ಆ ಹಣಕಾಸು ವರ್ಷದಲ್ಲಿ ಅದರ ಚಿಲ್ಲರೆ ವ್ಯಾಪಾರದ ಲಾಭ 100 ಕೋಟಿ ಪೌಂಡ್ ದಾಟಿತು. ಟೆಸ್ಕೋದ ಲಾಭ 300 ಕೋಟಿಗೂ ಮೇಲೆ. ತೆರಿಗೆ ಇವರನ್ನು ಬಾವಿಗೆ ತಳ್ಳಲಿಲ್ಲ. ಮೊದಲೇ ಹೊರಟಿದ್ದ ದಾರಿಯಲ್ಲಿ ಹೆಜ್ಜೆ ಬೀಸಾಗಿ ಹಾಕಲು ಒಂದು ನೆಪ, ಒಂದು ನೂಕು ಎರಡನ್ನೂ ಒಟ್ಟಿಗೆ ಕೊಟ್ಟಿತು.

ಸರ್ಕಾರ ಹೇಳಿದ್ದೂ ಅರ್ಧ ಸತ್ಯವೇ. ದುಡಿಯುವವರ ಸಂಬಳದ ಚೀಟಿಯಲ್ಲಿ ಈ ತೆರಿಗೆ ಕಾಣುವುದಿಲ್ಲ ಎಂಬುದು ನಿಜ. ಆದರೆ ಸರ್ಕಾರದ್ದೇ ಸ್ವತಂತ್ರ ಲೆಕ್ಕ ಸಂಸ್ಥೆ ‘ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ’ ಬಜೆಟ್ ದಿನವೇ ಅಂದಾಜು ಹೇಳಿತ್ತು: ಎರಡನೇ ವರ್ಷದಿಂದ ಈ ಹೊರೆಯ ಮುಕ್ಕಾಲು ಪಾಲು ಕಡಿಮೆ ಸಂಬಳವಾಗಿ, ಹೆಚ್ಚಿದ ಬೆಲೆಯಾಗಿ ಜನರ ಮೇಲೇ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. 1966ರಲ್ಲಿ ಕಾಲ್ಡೋರ್ ಅವರಿಗೆ ಬರೆ ಯಾರಿಗೆ ಬೀಳುತ್ತದೆಂದು ಗೊತ್ತಿತ್ತು, ಅದನ್ನೇ ಬೇಕೆಂದು ಮಾಡಿದರು. 2024ರಲ್ಲಿ ಗೊತ್ತಿದ್ದೂ ಬೇರೆ ಹೆಸರಿಟ್ಟರು.

ಇನ್ನೊಂದು ವ್ಯತ್ಯಾಸವಿದೆ. ಅಂದು ಕೌಂಟರು ಬಿಟ್ಟವನಿಗೆ ಹೋಗಲು ಒಂದು ಜಾಗವನ್ನಾದರೂ ತೋರಿಸಿದ್ದರು: ಕಾರ್ಖಾನೆ. ಆ ಲೆಕ್ಕ ತಪ್ಪಾಯಿತು, ಕಾರ್ಖಾನೆಗಳೇ ಮುಂದೆ ಮುಚ್ಚಿದವು. ಇಂದು ಕೆಲಸ ಬಿಟ್ಟ ವಿಭಾಗದ ಮ್ಯಾನೇಜರಿಗೆ ಯಾರೂ ಯಾವ ಜಾಗವನ್ನೂ ತೋರಿಸಿಲ್ಲ. ಅವನಿಲ್ಲದ ಅಂಗಡಿಯಲ್ಲಿ ಕೆಲಸವೇನೂ ಸಲೀಸಾಗಿಲ್ಲ. ರೀಟೇಲ್ ಕನ್ಸಾರ್ಟಿಯಂ 2025ರ ಜನವರಿಯಲ್ಲಿ ಕೊಟ್ಟ ಅಂಕಿ ಪ್ರಕಾರ ವರ್ಷವೊಂದರಲ್ಲಿ ಎರಡು ಕೋಟಿಗೂ ಮಿಕ್ಕಿ ಕಳ್ಳತನ. ಸಿಬ್ಬಂದಿಯ ಮೇಲೆ ದಿನಕ್ಕೆ 2,000ಕ್ಕೂ ಹೆಚ್ಚು ಹಲ್ಲೆ, ಬೈಗುಳದ ಪ್ರಕರಣ. ಇದಕ್ಕೆ ಮ್ಯಾನೇಜರುಗಳ ಕಡಿತವೇ ಕಾರಣವೆನ್ನಲಾಗದು. ಆದರೆ ಬಾಟಲಿ ಎತ್ತಿಕೊಂಡು ಹೊರಟವನ ಎದುರು ಗಂಟೆಕೂಲಿಯ ಹುಡುಗಿ ಒಬ್ಬಳೇ ನಿಂತಾಗ, ‘ನೀನು ಹಿಂದೆ ಸರಿ, ನಾನು ನೋಡಿಕೊಳ್ಳುತ್ತೇನೆ’ ಎನ್ನಬೇಕಾದವನು ಯಾರು? ಹಳೆಯ ಶಾಪ್‌ವಾಕರನ ಅರ್ಧ ಕೆಲಸ ಅದೇ ಆಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವೆ. ಕಪಾಟು ಜೋಡಿಸುವ ಹುಡುಗ ಅಂಗಡಿ ನಡೆಸುವವನಾಗಲು ಹತ್ತು ಹದಿನೈದು ವರ್ಷ ಬೇಕು. ಆ ದಾರಿಯನ್ನು ಅಳಿಸಲು ಒಂದು ಪ್ರಕಟಣೆ ಸಾಕು. ಏಣಿಗೆ ಕೆಳಗಿನ ಮೆಟ್ಟಿಲೂ ಇದೆ, ಮೇಲಿನ ಮೆಟ್ಟಿಲೂ ಇದೆ. ನಡುವಿನವು ಒಂದೊಂದಾಗಿ ಹೋಗುತ್ತಿವೆ. ಮುಂದಿನ ಟೆರಿ ಲೀಹಿಗೆ ಕೆಳಗಿನಿಂದ ಹತ್ತಿ ಬರುವ ದಾರಿ ದಿನೇ ದಿನೇ ಕಿರಿದಾಗುತ್ತಿದೆ. ಕಪಾಟಿನ ಬಳಿ ಶುರುಮಾಡಿದವನು ಅಲ್ಲೇ ಉಳಿಯುತ್ತಾನೆ.

2026ರ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 12.71 ಪೌಂಡ್ ಎಂದು ರೀವ್ಸ್ ಅವರ ಎರಡನೇ ಬಜೆಟ್ಟಿನ ಹೊತ್ತಿಗೆ ಘೋಷಣೆಯಾಯಿತು. ಮಾಲೀಕರ ವಂತಿಗೆ ಶೇ. 15ರಲ್ಲೇ ನಿಂತಿತು. ವಂತಿಗೆ ಶುರುವಾಗುವ 5,000 ಪೌಂಡಿನ ಗೆರೆಯೂ ಅಲ್ಲೇ ಇದೆ.